ಕಡಲು ಕಾಯುವವರಿಗೆ ಕಾನೂನಿನಲ್ಲಿ ಜಾಗ ಎಲ್ಲಿದೆ?

ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ ನೀರು ಇಳಿಯುವ ಹೊತ್ತನ್ನು ಒಮ್ಮೆ ನೋಡಬೇಕು. ಸ್ವಲ್ಪ ಹೊತ್ತಿನ ಮೊದಲು ದೋಣಿ ಓಡಾಡುತ್ತಿದ್ದ ಜಾಗದಲ್ಲಿ ಕೆಸರಿನ, ಮರಳಿನ ದಿಬ್ಬಗಳು ಮೇಲೇಳುತ್ತವೆ. ಹೆಂಗಸರು ಸೊಂಟದ ತನಕ ನೀರಿಗೆ ಇಳಿಯುತ್ತಾರೆ. ಕಾಲಿನ ಬೆರಳಿನಿಂದಲೇ ಕೆಸರು ತಡಕುತ್ತಾರೆ. ಗಟ್ಟಿಯಾಗಿ ಏನಾದರೂ ತಾಗಿದರೆ ಬಗ್ಗಿ ಕೈ ಹಾಕುತ್ತಾರೆ, ಬಳಚು ಎಂಬ ಚಿಪ್ಪುಜೀವಿಯನ್ನು ಎತ್ತಿ ಬುಟ್ಟಿಗೆ ಹಾಕುತ್ತಾರೆ. ಮತ್ತೆ ಭರತ ಬಂದು ನೀರು ಏರುವ ಮೊದಲು ಸಿಗುವುದು ಕೆಲವೇ ಗಂಟೆ. ಅಷ್ಟರಲ್ಲಿ ಆದದ್ದೇ ಅವತ್ತಿನ ದುಡಿಮೆ.

ಬುಟ್ಟಿಗೆ ದೊಡ್ಡ ಬಳಚಿನ ಜೊತೆ ಹೆಬ್ಬೆರಳ ಉಗುರಿನಷ್ಟು ಸಣ್ಣದೂ ಬರುತ್ತದೆ. ಅದಿನ್ನೂ ಬೆಳೆಯಬೇಕು. ಅದನ್ನು ನೀರಿಗೆ ವಾಪಸ್ ಬಿಟ್ಟರೆ ಒಳ್ಳೆಯದು ಅಂತ ಅಲ್ಲಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. ತೊಡಕು ಇರುವುದು ಬೇರೆ ಕಡೆ. ಇವತ್ತು ನಾನು ಬಿಟ್ಟದ್ದನ್ನು ನಾಳೆ ಇನ್ನೊಬ್ಬರು ಹೆಕ್ಕಿಕೊಂಡು ಹೋದರೆ? ನಾನು ಬಿಟ್ಟು ಬಂದದ್ದು ಸುಮ್ನೆ ಆಯಿತು ಅಲ್ವಾ? ಎಲ್ಲರೂ ಬಿಡುತ್ತಾರೆ ಎಂಬ ಭರವಸೆ ಇದ್ದರೆ ಮಾತ್ರ ಒಬ್ಬರು ಬಿಡುತ್ತಾರೆ. ಆ ಭರವಸೆ ಕೊಡಬೇಕಾದದ್ದು ಕಾನೂನು.

ಕಡಲಿನ ಜೀವರಾಶಿಯನ್ನು ಅಲ್ಲಿನ ಜನರೇ ಮುಂದೆ ನಿಂತು ಉಳಿಸಬೇಕು ಎಂದು ಈಗ ಎಲ್ಲರೂ ಹೇಳುತ್ತಾರೆ. ಸರ್ಕಾರದ ಕಡತಗಳೂ ಅದನ್ನೇ ಹೇಳುತ್ತವೆ. ಆದರೆ ಊರಿನವರು ಕೂತು ಒಂದು ನಿಯಮ ಮಾಡಿದರೆ, ಅದನ್ನು ಮುರಿದವರನ್ನು ತಡೆಯುವ ಹಕ್ಕು ಅವರಿಗೆ ಇದೆಯಾ? ನಮ್ಮ ಕರಾವಳಿಯ ಮಟ್ಟಿಗೆ ಉತ್ತರ, ಇಲ್ಲ. ಸಲಹೆ ಕೊಡಿ ಎಂದು ಕಾನೂನು ಹೇಳುತ್ತದೆ. ನೀವೇ ನಿರ್ಧರಿಸಿ ಎಂದು ಎಲ್ಲೂ ಹೇಳುವುದಿಲ್ಲ. ಇದು ಬದಲಾಗಬೇಕು ಅನ್ನುವುದು ಈ ಲೇಖನದ ಮಾತು.

ಈಗಲೇ ಯಾಕೆ ಎಂದು ಕೇಳಬಹುದು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ, ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿತು. 4,801 ಹೆಕ್ಟೇರ್ ಜಾಗ. 6,000ದಿಂದ 7,500 ಕುಟುಂಬಗಳ ಹೊಟ್ಟೆಪಾಡು ಇದರ ಮೇಲಿದೆ ಎಂದು ಆಗ ಸರ್ಕಾರವೇ ಹೇಳಿತು. ಪಕ್ಕದ ಹೊನ್ನಾವರ ತಾಲ್ಲೂಕಿನಲ್ಲಿ ಅಪ್ಸರಕೊಂಡ-ಮುಗಳಿ ಎಂಬ ಕಡಲ ವನ್ಯಜೀವಿ ಧಾಮ ಬಂದಿದೆ. ರಾಜ್ಯಕ್ಕೆ ಅದೇ ಮೊದಲನೆಯದು. ಅದೇ ಹೊನ್ನಾವರದ ಕಾಸರಕೋಡು ಟೊಂಕದಲ್ಲಿ, ಅಂಕೋಲಾದ ಕೇಣಿಯಲ್ಲಿ ಬಂದರು ಯೋಜನೆಗಳ ವಿರುದ್ಧ ಮೀನುಗಾರರು ಬೀದಿಗೆ ಇಳಿದಿದ್ದಾರೆ. ಒಂದು ಕಡೆ ರಕ್ಷಣೆ, ಇನ್ನೊಂದು ಕಡೆ ಬಂದರು. ಎರಡನ್ನೂ ತೀರ್ಮಾನ ಮಾಡಿದವರು ದಡದಲ್ಲಿ ಇರುವವರಲ್ಲ.

ಈಗ ಕಾನೂನುಗಳನ್ನು ನೋಡೋಣ.

ಸಂವಿಧಾನದ ಪ್ರಕಾರ ಮೀನುಗಾರಿಕೆ ರಾಜ್ಯಪಟ್ಟಿಯಲ್ಲಿದೆ. ದಡದಿಂದ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿ.ಮೀ. ತನಕ ರಾಜ್ಯದ ಮಾತು ನಡೆಯುತ್ತದೆ. ಅಲ್ಲಿಂದ ಆಚೆ ಕೇಂದ್ರದ್ದು. ನಮ್ಮಲ್ಲಿ 1986ರ ಕರ್ನಾಟಕ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಇದೆ. ಯಾವ ಬಲೆ, ಯಾವ ಜಾಗ, ಯಾವ ತಿಂಗಳು ಎಂದು ಸರ್ಕಾರ ಅದರ ಕೆಳಗೆ ಅಧಿಸೂಚನೆ ಹೊರಡಿಸುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯಬಾರದು ಎಂಬ ನಿಯಮ ಎಲ್ಲರಿಗೂ ಗೊತ್ತು. ಆ ಎರಡು ತಿಂಗಳು ಮಲ್ಪೆಯ ದಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ.

ಈ ಕಾಯ್ದೆ ಹುಟ್ಟಿದ ಹಿನ್ನೆಲೆ ತಿಳಿದರೆ ಅದರ ಕೊರತೆಯೂ ತಿಳಿಯುತ್ತದೆ. 1970ರ ದಶಕದ ಮಧ್ಯದಲ್ಲಿ ನಮ್ಮ ಕರಾವಳಿಗೆ ಪರ್ಸೀನ್ ಬೋಟುಗಳು ಬಂದವು. ದೊಡ್ಡ ಬಲೆಯಿಂದ ಮೀನಿನ ಗುಂಪನ್ನು ಕಡಲಿನಲ್ಲೇ ಸುತ್ತುಹಾಕಿ ಹಿಡಿಯುವ ಯಾಂತ್ರಿಕ ಬೋಟುಗಳು ಇವು. ಅಲ್ಲಿಯ ತನಕ ಬೂತಾಯಿ, ಬಂಗುಡೆ ಹಿಡಿಯುತ್ತಿದ್ದದ್ದು ಹೆಚ್ಚಾಗಿ ರಂಪಣಿಯಲ್ಲಿ. ರಂಪಣಿ ಎಂದರೆ ಬರೀ ಬಲೆಯಲ್ಲ, ಅದೊಂದು ಊರಿನ ಏರ್ಪಾಡು. ದೋಣಿಯಲ್ಲಿ ಹೋಗಿ ಮೀನಿನ ಗುಂಪನ್ನು ಸುತ್ತುಹಾಕಿ ಬಲೆ ಬಿಡುತ್ತಾರೆ. ಆಮೇಲೆ ದಡದಲ್ಲಿ ಎರಡೂ ಕಡೆ ಹತ್ತಾರು ಜನ ಹಗ್ಗ ಹಿಡಿದು ಎಳೆಯುತ್ತಾರೆ. ಬಲೆಗೆ ಒಂದು ಪಾಲು, ದೋಣಿಗೆ ಒಂದು ಪಾಲು, ಎಳೆದವರಿಗೆ ಒಂದು ಪಾಲು. ಯಾರು ಎಲ್ಲಿ ಬಲೆ ಹಾಕಬೇಕು ಎನ್ನುವುದು ಊರಲ್ಲೇ ತೀರ್ಮಾನ ಆಗುತ್ತಿತ್ತು. ಪರ್ಸೀನ್ ಬಂದ ಕೆಲವೇ ವರ್ಷಗಳಲ್ಲಿ ಮೀನು ದಡಕ್ಕೆ ಬರುವ ಮೊದಲೇ ಹೊರಗೆ ಸಿಕ್ಕಿಬೀಳತೊಡಗಿತು. ರಂಪಣಿ ಮುಗಿಯಿತು. ಜಗಳಗಳಾದವು. ಬೇರೆ ರಾಜ್ಯಗಳಲ್ಲೂ ಬಲೆ ಎಳೆದುಕೊಂಡು ಹೋಗುವ ಟ್ರಾಲ್ ಬೋಟು ಮತ್ತು ನಾಡದೋಣಿಗಳ ನಡುವೆ ಇಂಥದೇ ಜಗಳ. ಅದನ್ನು ನಿಲ್ಲಿಸಲು ಕೇಂದ್ರ ಒಂದು ಮಾದರಿ ಮಸೂದೆ ಮಾಡಿಕೊಟ್ಟಿತು. ಒಂದೊಂದೇ ರಾಜ್ಯ ಅದನ್ನು ಕಾಯ್ದೆ ಮಾಡಿಕೊಂಡಿತು.

ಹಾಗಾಗಿ ಅದು ಮುಖ್ಯವಾಗಿ ಜಗಳ ಬಿಡಿಸುವ ಕಾನೂನು. ಯಾರ ಬೋಟು ಎಲ್ಲಿ ಹೋಗಬಹುದು ಎಂದು ಗೆರೆ ಎಳೆದದ್ದು. ಮೀನು ಉಳಿಸುವ ಮಾತು ಅದರಲ್ಲಿ ಇದೆ ನಿಜ. ಆದರೆ ಉಳಿಸುವ ಕೆಲಸದಲ್ಲಿ ಊರಿಗೆ ಏನು ಪಾತ್ರ ಎಂಬ ಪ್ರಶ್ನೆ ಆಗ ಯಾರಿಗೂ ಬಂದಂತಿಲ್ಲ. ರಂಪಣಿಯಂಥ ಏರ್ಪಾಡು ಕಣ್ಣೆದುರೇ ಬಿದ್ದುಹೋಗುತ್ತಿದ್ದಾಗ ಬಂದ ಕಾನೂನು ಆ ಏರ್ಪಾಡನ್ನು ಗುರುತಿಸಲೇ ಇಲ್ಲ. ನನಗೆ ಇದು ತುಂಬಾ ನೋವಿನ ವಿಷಯ.

ಇನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆ. ಇದರಲ್ಲಿ 2002ರ ತಿದ್ದುಪಡಿಯಿಂದ 'ಸಮುದಾಯ ಮೀಸಲು' ಎಂಬ ಒಳ್ಳೆಯ ದಾರಿ ಸಿಕ್ಕಿತು. ಊರಿನವರು ತಾವಾಗಿ ಮುಂದೆ ಬಂದರೆ ಅವರ ಜಾಗವನ್ನು ಮೀಸಲು ಎಂದು ಘೋಷಿಸಬಹುದು. ಅದರ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿ ಆರಿಸಿದ ಕನಿಷ್ಠ ಐವರು, ಅರಣ್ಯ ಇಲಾಖೆಯ ಒಬ್ಬರು. ಇಲಾಖೆಯವರಿಗಿಂತ ಊರಿನವರೇ ಜಾಸ್ತಿ. ಕೇರಳದ ಕಡಲುಂಡಿ-ವಳ್ಳಿಕುನ್ನು ಹೀಗೇ 2007ರಲ್ಲಿ ಸಮುದಾಯ ಮೀಸಲಾಯಿತು. ಕಡಲುಂಡಿ ಹೊಳೆ ಸಮುದ್ರ ಸೇರುವ ಜಾಗ ಅದು. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು, ಕೆಸರುಬಯಲು, ಚಳಿಗಾಲಕ್ಕೆ ಬರುವ ಹಕ್ಕಿಗಳು.

ಹಾಗಾದರೆ ನಮ್ಮ ಕರಾವಳಿಯ ಊರುಗಳೂ ಇದನ್ನೇ ಮಾಡಬಹುದಲ್ಲ? ತೊಡಕು ಒಂದೇ ಒಂದು ಪದದಲ್ಲಿದೆ. ಕಾಯ್ದೆ ಹೇಳುವುದು 'ಖಾಸಗಿ ಅಥವಾ ಸಮುದಾಯದ ಭೂಮಿ' ಎಂದು. ಕಡಲು ಯಾರ ಭೂಮಿ? ಕಾನೂನಿನ ಕಣ್ಣಲ್ಲಿ ಅದು ಊರಿನದ್ದಲ್ಲ. ನಾಲ್ಕು ತಲೆಮಾರು ಅಲ್ಲೇ ಬಲೆ ಹಾಕಿದ್ದರೂ ಅಲ್ಲ. ಅಳಿವೆಯ ದಡ, ಉಪ್ಪುನೀರು ಬರುವ ಗಜನಿ ಗದ್ದೆಯ ತನಕ ಈ ದಾರಿ ಹಿಡಿದು ಹೋಗಬಹುದು. ತೆರೆದ ಕಡಲಿಗೆ ಬಂದ ಕೂಡಲೇ ದಾರಿ ಮುಗಿಯುತ್ತದೆ. ಅಲ್ಲಿಂದ ಮುಂದೆ ಉಳಿದದ್ದು ಸರ್ಕಾರವೇ ಘೋಷಿಸುವ ಧಾಮ ಮಾತ್ರ.

ಧಾಮ ಎಂದ ಕೂಡಲೇ ಮೀನುಗಾರರಿಗೆ ಭಯ. ಆ ಭಯ ಸುಮ್ನೆ ಹುಟ್ಟಿದ್ದಲ್ಲ. ಕಾಡಿನಲ್ಲಿ ಧಾಮ ಆದಾಗ ಅಲ್ಲಿನವರಿಗೆ ಏನಾಯಿತು ಎಂದು ಉತ್ತರ ಕನ್ನಡದವರಿಗೆ ಹೇಳಬೇಕಾಗಿಲ್ಲ. ಕಡಲಿನ ಧಾಮಕ್ಕೆ ಕಾಯ್ದೆಯಲ್ಲಿ ಒಂದು ವಿಶೇಷ ಸಾಲು ಇದೆ. ಸ್ಥಳೀಯ ಮೀನುಗಾರರ ಕಸುಬಿನ ಹಿತ ಕಾಯಲು ಬೇಕಾದ ಕ್ರಮ ತೆಗೆದುಕೊಂಡ ಮೇಲೆಯೇ ಗಡಿ ಗುರುತಿಸಬೇಕು ಎಂಬ ಸಾಲು. ಒಳ್ಳೆಯ ಸಾಲು. ಆದರೆ ಅಲ್ಲಿ ಮೀನುಗಾರ ಎಂದರೆ ಹಿತ ಕಾಯಿಸಿಕೊಳ್ಳುವವನು, ಅಷ್ಟೇ. ಕಡಲನ್ನು ತಾನೇ ಕಾಯುವವನು ಎಂಬ ನೋಟ ಅದರಲ್ಲಿ ಇಲ್ಲ.

ಇನ್ನೊಂದು ಸಂಗತಿ ತುಂಬಾ ಜನರಿಗೆ ಗೊತ್ತಿಲ್ಲ. 2011ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯಲ್ಲಿ 'ಅತಿ ಸೂಕ್ಷ್ಮ ಕರಾವಳಿ ಪ್ರದೇಶ' ಎಂದು ದೇಶದ ಕೆಲವು ಜಾಗಗಳ ಹೆಸರು ಹೇಳಿದ್ದಾರೆ. ಸುಂದರಬನ, ಕಚ್ಛ್ ಕೊಲ್ಲಿ, ಮನ್ನಾರ್ ಕೊಲ್ಲಿಯ ಸಾಲಿನಲ್ಲಿ ನಮ್ಮ ಎರಡು ಹೆಸರು ಇವೆ. ಕಾರವಾರ ಮತ್ತು ಕುಂದಾಪುರ. ಈ ಜಾಗಗಳನ್ನು ಮೀನುಗಾರರೂ ಸೇರಿದಂತೆ ಕರಾವಳಿಯ ಸಮುದಾಯಗಳ ಜೊತೆ ಸೇರಿ ನಿರ್ವಹಿಸಬೇಕು ಎಂದು ಅದೇ ಅಧಿಸೂಚನೆ ಹೇಳುತ್ತದೆ. 2019ರಲ್ಲಿ ಸಿಆರ್‌ಝಡ್ ನಿಯಮಗಳನ್ನು ಸಡಿಲ ಮಾಡಿದಾಗಲೂ ಈ ಭಾಗ ಉಳಿಯಿತು. ಅಂದರೆ ಕುಂದಾಪುರದ ಕೋಡಿಯಲ್ಲೋ ಗಂಗೊಳ್ಳಿಯಲ್ಲೋ ಒಂದು ಸಭೆ ಕರೆದು, 'ನಮ್ಮ ಹೆಸರು ಈ ಪಟ್ಟಿಯಲ್ಲಿದೆ, ನಮ್ಮನ್ನು ಸೇರಿಸಿಕೊಂಡು ಯೋಜನೆ ಮಾಡಿ' ಎಂದು ಕೇಳಲು ಇವತ್ತೇ ಆಧಾರ ಇದೆ. ಹೊಸ ಕಾನೂನು ಬರಲಿ ಎಂದು ಕಾಯುತ್ತಾ ಕೂರುವ ಮೊದಲು ಇರುವುದನ್ನು ಕೈಗೆ ತೆಗೆದುಕೊಳ್ಳಬೇಕು.

ಹೊರಗಡೆ ಇದನ್ನು ಬೇರೆ ರೀತಿ ಮಾಡಿ ನೋಡಿದವರಿದ್ದಾರೆ. ಫಿಲಿಪ್ಪೀನ್ಸ್‌ನ ಅಪೋ ಎಂಬ ಪುಟ್ಟ ದ್ವೀಪದ ಕಥೆ ನಮಗೆ ಹತ್ತಿರದ್ದು. ಅಲ್ಲಿಯವರೂ ನಾಡದೋಣಿಯವರೇ. 1980ರ ಸುಮಾರಿಗೆ ಹವಳದ ದಿಬ್ಬಗಳು ಹಾಳಾಗಿ ಮೀನು ಕಡಿಮೆಯಾಗಿತ್ತು. ಏಂಜೆಲ್ ಅಲ್ಕಾಲಾ ಎಂಬ ಜೀವವಿಜ್ಞಾನಿ ಹತ್ತಿರದ ಸಿಲಿಮನ್ ವಿಶ್ವವಿದ್ಯಾಲಯದಿಂದ ಬಂದು ಊರಿನವರ ಜೊತೆ ಮಾತಾಡಿದರು. 1982ರಲ್ಲಿ ಕೆಲವು ಕುಟುಂಬಗಳು ಒಪ್ಪಿದವು. ದ್ವೀಪದ ಆಗ್ನೇಯ ದಡದಲ್ಲಿ 450 ಮೀಟರ್ ಉದ್ದದ ಒಂದು ತುಂಡು. ಅಲ್ಲಿ ಯಾರೂ ಮೀನು ಹಿಡಿಯಬಾರದು. ಊರಿನವರೇ ಸರದಿ ಹಾಕಿಕೊಂಡು ಕಾದರು. 1985ರಲ್ಲಿ ಸ್ಥಳೀಯ ಆಡಳಿತ ಅದನ್ನು ಅಧಿಕೃತವಾಗಿ ನಿಯಮ ಮಾಡಿತು. ಮೊದಲು ಜನ, ಆಮೇಲೆ ಕಾನೂನು. ಕೆಲವು ವರ್ಷಗಳಲ್ಲಿ ಆ ತುಂಡಿನೊಳಗೆ ಮೀನು ಹೆಚ್ಚಿತು, ಸುತ್ತಲಿನ ನೀರಿಗೂ ಬಂತು.

ಆ ದೇಶದ ಸಂಸತ್ತು ಇಂಥ ಅನುಭವಗಳಿಂದ ಕಲಿಯಿತು. 1991ರಲ್ಲಿ ಸ್ಥಳೀಯ ಆಡಳಿತಕ್ಕೆ ಹೆಚ್ಚು ಅಧಿಕಾರ ಕೊಡುವ ಕಾನೂನು ಬಂತು. 1998ರ ಮೀನುಗಾರಿಕೆ ಕಾಯ್ದೆ ದಡದಿಂದ 15 ಕಿ.ಮೀ. ನೀರನ್ನು ಪುರಸಭೆಗಳ ಕೈಗೆ ಕೊಟ್ಟಿತು. ಸಣ್ಣ ಮೀನುಗಾರರಿಗೆ ಅಲ್ಲಿ ಮೊದಲ ಹಕ್ಕು. ಪ್ರತಿ ಕರಾವಳಿ ಪುರಸಭೆಯಲ್ಲೂ ಮೀನುಗಾರರ ಮಂಡಳಿ ಇರಬೇಕು ಎಂದೂ ಹೇಳಿತು. ನಮ್ಮ ರಾಜ್ಯದ ಕರಾವಳಿ ಸುಮಾರು 320 ಕಿ.ಮೀ. ಇದೆ. ದಡದ ಹತ್ತಿರದ ನೀರಿನ ಹೊಣೆ ಅಲ್ಲಲ್ಲಿನ ಗ್ರಾಮ ಪಂಚಾಯಿತಿಗೆ ಬಂದರೆ ಹೇಗಿರುತ್ತದೆ ಎಂದು ಯೋಚಿಸಿ.

ಅಪೋ ಕಥೆ ಅಷ್ಟಕ್ಕೇ ನಿಲ್ಲುವುದಿಲ್ಲ. ಮುಂದಿನ ಭಾಗವೂ ನಮಗೆ ಬೇಕು. 1994ರಲ್ಲಿ ರಾಷ್ಟ್ರ ಸರ್ಕಾರ ಇಡೀ ದ್ವೀಪವನ್ನು ಸಂರಕ್ಷಿತ ಪ್ರದೇಶ ಎಂದು ಘೋಷಿಸಿತು. ಆಡಳಿತ ಊರಿನ ಕೈಯಿಂದ ಹೊಸ ಮಂಡಳಿಯ ಕೈಗೆ ಹೋಯಿತು. ಪ್ರವಾಸಿಗರಿಂದ ಬರುವ ಶುಲ್ಕ, ನಿರ್ಧಾರಗಳು, ಎಲ್ಲ ದೂರವಾದವು. ತಾವೇ ಕಟ್ಟಿದ್ದನ್ನು ಬೇರೆಯವರು ನಡೆಸುತ್ತಿದ್ದಾರೆ ಎಂಬ ಬೇಸರ ಅಲ್ಲಿಯವರಲ್ಲಿ ಉಳಿಯಿತು. 15 ಕಿ.ಮೀ. ಮೀಸಲನ್ನೂ ಈಚೆಗೆ ಒಂದು ವಾಣಿಜ್ಯ ಮೀನುಗಾರಿಕೆ ಕಂಪನಿ ಕೋರ್ಟಿನಲ್ಲಿ ಪ್ರಶ್ನಿಸಿತು. ಹಾಗಾಗಿ ಊರಿಗೆ ಕೊಟ್ಟ ಅಧಿಕಾರವನ್ನು ಸುಲಭವಾಗಿ ವಾಪಸ್ ಪಡೆಯಲು ಆಗದ ಹಾಗೆ ಕಾನೂನು ಬರೆಯಬೇಕು. ಇದು ಅವರ ಅನುಭವದಿಂದ ನಾನು ತೆಗೆದುಕೊಳ್ಳುವ ಮೊದಲ ಪಾಠ.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಇನ್ನೊಂದು ರೀತಿ. ಅಲ್ಲಿನ ವಾಯವ್ಯ ಜಲಸಂಧಿಗಳನ್ನು ರಾಷ್ಟ್ರೀಯ ಕಡಲ ಧಾಮ ಮಾಡಲು 1990ರ ದಶಕದಲ್ಲಿ ಹೊರಟಾಗ ಸ್ಥಳೀಯರು ಒಪ್ಪಲಿಲ್ಲ. ಸೆನೆಟರ್ ಪ್ಯಾಟಿ ಮರ್ರೆ ಮತ್ತು ಸಂಸದ ಜಾಕ್ ಮೆಟ್‌ಕಾಫ್ ಬೇರೆ ಬೇರೆ ಪಕ್ಷದವರು. ಇಬ್ಬರೂ ಸೇರಿ ಜನರ ಸಮಿತಿ ಕೂರಿಸಿದರು. 1998ರಲ್ಲಿ ಕಾನೂನು ಬಂತು. ನಮ್ಮ ಜಿಲ್ಲೆಗಳಂಥ ಏಳು ಕೌಂಟಿಗಳಲ್ಲಿ ಒಂದೊಂದು ಕಡಲ ಸಂಪನ್ಮೂಲ ಸಮಿತಿ. ದಂಡ ಹಾಕುವ ಅಧಿಕಾರ ಈ ಸಮಿತಿಗಳಿಗೆ ಇಲ್ಲ. ಹಣ ಮತ್ತು ತಜ್ಞರ ನೆರವು ಇದೆ. ಅಷ್ಟರಲ್ಲೇ ಅವರು ಕಡಲ ತಳದಿಂದ 5,800ಕ್ಕೂ ಹೆಚ್ಚು ಬಿಟ್ಟುಹೋದ ಬಲೆಗಳನ್ನು ಎತ್ತಿಸಿದರು. ಕಳೆದುಹೋದ ಬಲೆ ನೀರಿನಡಿ ವರ್ಷಗಟ್ಟಲೆ ಮೀನು, ಏಡಿ, ಹಕ್ಕಿಗಳನ್ನು ಕೊಲ್ಲುತ್ತಲೇ ಇರುತ್ತದೆ. ಒಳ್ಳೆಯ ಕೆಲಸವೇ. ಆದರೂ ಬರೀ ಸ್ವಯಂಸೇವೆಯ ಈ ಮಾದರಿ ನಮಗೆ ಸಾಕಾಗುವುದಿಲ್ಲ ಎಂದು ನನಗೆ ಅನಿಸುತ್ತದೆ. ಇಲ್ಲಿ ಕಡಲೇ ಮನೆ ನಡೆಸುತ್ತದೆ. ಹೊರಗಿನ ಬೋಟು ರಾತ್ರಿ ಲೈಟ್ ಹಾಕಿ ಮೀನು ಬಾಚಿಕೊಂಡು ಹೋಗುವಾಗ ಊರಿನ ಸಮಿತಿ ಬರೀ ನೋಡುತ್ತಾ ನಿಲ್ಲಲು ಆಗುತ್ತದಾ?

ಹೀಗೆ ಲೈಟ್ ಹಾಕಿ ಹಿಡಿಯುವ ಲೈಟ್ ಫಿಶಿಂಗ್ ಮತ್ತು ಎರಡು ಬೋಟುಗಳು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್ ಅನ್ನು ಕೇಂದ್ರ 2017ರ ನವೆಂಬರ್‌ನಲ್ಲಿ ತನ್ನ ನೀರಿನಲ್ಲಿ ನಿಷೇಧಿಸಿತು. ನಮ್ಮ ರಾಜ್ಯದಲ್ಲೂ ನಿಷೇಧ ಇದೆ. 2025ರ ನವೆಂಬರ್‌ನಲ್ಲಿ ಬಂದ ವಿಶೇಷ ಆರ್ಥಿಕ ವಲಯದ (12 ನಾಟಿಕಲ್ ಮೈಲಿನ ಆಚೆಯ ಕೇಂದ್ರದ ನೀರಿನ) ಮೀನುಗಾರಿಕೆ ನಿಯಮಗಳು ಅದನ್ನು ಮತ್ತೆ ಹೇಳಿವೆ, ಮೀನುಗಾರರ ಸಹಕಾರ ಸಂಘಗಳಿಗೆ ಆದ್ಯತೆ ಕೊಡುವ ಮಾತನ್ನೂ ಆಡಿವೆ. ಆದರೂ ನಾಡದೋಣಿಯವರು ಲೈಟ್ ಫಿಶಿಂಗ್ ವಿರುದ್ಧ ಮನವಿ ಕೊಡುವುದು ನಿಂತಿಲ್ಲ. ಬರೆದ ನಿಯಮಕ್ಕೂ ಕಡಲಿನಲ್ಲಿ ನಡೆಯುವುದಕ್ಕೂ ನಡುವೆ ಇಷ್ಟು ದೂರ ಯಾಕೆ? ನಿಯಮ ಮುರಿಯುವುದನ್ನು ಮೊದಲು ನೋಡುವವನಿಗೆ ಫೋನ್ ಮಾಡುವುದು ಬಿಟ್ಟು ಬೇರೆ ಅಧಿಕಾರ ಇಲ್ಲ. ಇಲಾಖೆಯವರು ಬರುವ ಹೊತ್ತಿಗೆ ಆ ಬೋಟು ಇನ್ನೆಲ್ಲೋ ಇರುತ್ತದೆ.

ಪಕ್ಕದ ಕೇರಳ ಇಲ್ಲಿ ಒಂದು ಹೆಜ್ಜೆ ಮುಂದೆ ಹೋಗಿದೆ. ತನ್ನ ಸಮುದ್ರ ಮೀನುಗಾರಿಕೆ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಲ್ಲಿ ಊರು, ಜಿಲ್ಲೆ, ರಾಜ್ಯ ಎಂದು ಮೂರು ಹಂತದ ಮೀನುಗಾರಿಕೆ ನಿರ್ವಹಣಾ ಮಂಡಳಿಗಳಿಗೆ ಜಾಗ ಕೊಟ್ಟಿತು. ಅದಕ್ಕಿಂತ ಮೊದಲೇ ಕೊಲ್ಲಂನ ಅಷ್ಟಮುಡಿ ಕಾಯಲಿನಲ್ಲಿ (ಹಿನ್ನೀರಿನಲ್ಲಿ) ನಡೆದದ್ದು ಅಘನಾಶಿನಿಯವರು ಹೋಗಿ ನೋಡಿ ಬರಬೇಕಾದ ಸಂಗತಿ. ಅಲ್ಲೂ ಬಳಚಿನ ಜಾತಿಯದೇ ಚಿಪ್ಪು. 1990ರ ದಶಕದ ಶುರುವಿನಲ್ಲಿ ರಫ್ತಿಗಾಗಿ ಬಾಚಿ ಬಾಚಿ ಸಿಗುವುದೇ ಅರ್ಧಕ್ಕೆ ಇಳಿಯಿತು. ಆಗ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಸಲಹೆ ಕೇಳಿ ನಿಯಮ ಮಾಡಿಕೊಂಡರು. ಮೊಟ್ಟೆ ಇಡುವ ಡಿಸೆಂಬರ್‌ನಿಂದ ಫೆಬ್ರವರಿ ತನಕ ಹೆಕ್ಕುವಂತಿಲ್ಲ. ಬಲೆಯ ಕಣ್ಣು 30 ಮಿಲಿಮೀಟರ್‌ಗಿಂತ ಸಣ್ಣದು ಇರುವಂತಿಲ್ಲ. ಇದನ್ನು ನೋಡಿಕೊಳ್ಳಲು ಹೆಕ್ಕುವವರು, ವ್ಯಾಪಾರಿಗಳು, ಅಧಿಕಾರಿಗಳು, ವಿಜ್ಞಾನಿಗಳು ಒಟ್ಟಿಗೆ ಕೂರುವ ಒಂದು ಆಡಳಿತ ಮಂಡಳಿ ಬಂತು. 2014ರಲ್ಲಿ ಈ ಕಸುಬಿಗೆ, ಮೀನು ಮುಗಿಯದ ಹಾಗೆ ಹಿಡಿಯುವವರನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಸ್ಥೆ ಮೆರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್‌ನ ಪ್ರಮಾಣಪತ್ರ ಸಿಕ್ಕಿತು. ಭಾರತದಲ್ಲಿ ಅದು ಮೊದಲನೆಯದು.

ಅಘನಾಶಿನಿಯಲ್ಲೂ ಇಂಥ ಬುದ್ಧಿ ಹಳೆಯದೇ. ಅಲ್ಲಿನ ಗಜನಿ ಗದ್ದೆ ನೋಡಿ. ಮಳೆಗಾಲದಲ್ಲಿ ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತ. ಕೊಯ್ಲು ಆದ ಮೇಲೆ ಅದೇ ಗದ್ದೆಗೆ ಹೊಳೆಯ ನೀರು ಬಿಟ್ಟು ಸಿಗಡಿ, ಮೀನು. ನೀರು ಒಳಗೆ ಬಿಡುವ, ಹೊರಗೆ ಬಿಡುವ ಜಂತ್ರಡಿ ಬಾಗಿಲು ಎಲ್ಲರಿಗೂ ಸೇರಿದ್ದು. ಯಾವಾಗ ತೆಗೆಯಬೇಕು, ಯಾವಾಗ ಮುಚ್ಚಬೇಕು ಎಂದು ಒಬ್ಬ ತನ್ನಷ್ಟಕ್ಕೆ ತೀರ್ಮಾನ ಮಾಡುವಂತಿಲ್ಲ. ನೂರಾರು ಎಕರೆಯ ಬದುಕು ಒಂದು ಮರದ ಹಲಗೆಯ ಮೇಲೆ ನಿಂತಿದೆ. ಆ ಹಲಗೆಯ ನಿಯಮವನ್ನು ಯಾವ ಇಲಾಖೆಯೂ ಬರೆದುಕೊಟ್ಟದ್ದಲ್ಲ.

ಊರಿನ ಕಟ್ಟುಪಾಡು ಒಂದೇ ಸಾಕಾ? ಸಾಕಾಗುವುದಿಲ್ಲ. ದಕ್ಷಿಣ ಕನ್ನಡದ ಶಿಶಿಲದ ಮತ್ಸ್ಯತೀರ್ಥ ಗೊತ್ತಿರಬಹುದು. ದೇವಸ್ಥಾನದ ಎದುರು ಕಪಿಲಾ ಹೊಳೆಯಲ್ಲಿ ಪೆರುವೋಳ್ ಮೀನುಗಳನ್ನು ಯಾರೂ ಮುಟ್ಟುವುದಿಲ್ಲ. ಅಂಥ ಕಡೆಯೂ ಒಮ್ಮೆ ಕಿಡಿಗೇಡಿಗಳು ವಿಷ ಹಾಕಿ ಸಾವಿರಾರು ಮೀನು ಸತ್ತವು. ನಂಬಿಕೆ ಊರಿನವರನ್ನು ಕಟ್ಟಿಹಾಕುತ್ತದೆ. ಹೊರಗಿನಿಂದ ಬರುವವರನ್ನು ತಡೆಯಲು ಕಾನೂನೇ ಬೇಕು.

ಹಾಗಾದರೆ ನಮಗೆ ಬೇಕಾದದ್ದು ಏನು? ನನ್ನ ಪ್ರಕಾರ ಹೊಸದಾಗಿ ಒಂದು ದೊಡ್ಡ ಕಾನೂನು ಬೇಡ. 1986ರ ಕಾಯ್ದೆಗೆ ಒಂದು ಅಧ್ಯಾಯ ಸೇರಿಸಿದರೆ ಸಾಕು. ಊರಿನ ಮೀನುಗಾರರ ಸಭೆಗೆ ಕಾನೂನಿನ ಮಾನ್ಯತೆ. ದಡದ ಹತ್ತಿರದ ನೀರಿನಲ್ಲಿ ಯಾವ ಜಾಗಕ್ಕೆ, ಎಷ್ಟು ತಿಂಗಳು ವಿರಾಮ ಕೊಡಬೇಕು ಎಂದು ತೀರ್ಮಾನಿಸುವ ಹಕ್ಕು. ಆ ತೀರ್ಮಾನವನ್ನು ಇಲಾಖೆ ಇಂತಿಷ್ಟು ದಿನದೊಳಗೆ ಅಧಿಸೂಚನೆ ಮಾಡಬೇಕು, ಇಲ್ಲವೆಂದರೆ ಯಾಕೆ ಆಗುವುದಿಲ್ಲ ಎಂದು ಬರೆದು ಕೊಡಬೇಕು. ದಂಡದ ಹಣದಲ್ಲಿ ಒಂದು ಪಾಲು ಆ ಊರಿಗೇ ಬರಬೇಕು. ಇಷ್ಟೇ ಮುಖ್ಯವಾದ ಇನ್ನೊಂದು ಮಾತಿದೆ. ಊರು ವಿರಾಮ ಕೊಟ್ಟ ನೀರಿನಲ್ಲಿ ಬಂದರು, ಡ್ರೆಡ್ಜಿಂಗ್ ಯಾವುದೇ ಬಂದರೂ ಆ ಸಭೆಯ ಒಪ್ಪಿಗೆ ಇಲ್ಲದೆ ಆಗಬಾರದು. ಮೀನುಗಾರರು ತಮ್ಮ ಬಲೆಗೆ ಮಾತ್ರ ಕಡಿವಾಣ ಹಾಕಿಕೊಂಡು, ಪಕ್ಕದಲ್ಲಿ ಹೂಳೆತ್ತುವ ಯಂತ್ರ ಓಡುವುದನ್ನು ನೋಡುತ್ತಾ ಇರಬೇಕು ಎಂದರೆ ಅದು ನ್ಯಾಯವಲ್ಲ.

'ಊರಿನವರು' ಎಂದರೆ ಯಾರು ಎಂಬ ಪ್ರಶ್ನೆಯನ್ನೂ ಮುಚ್ಚಿಡಬಾರದು. ಮೊಗವೀರರು, ಖಾರ್ವಿಗಳು, ಹರಿಕಂತ್ರರು, ಅಂಬಿಗರು, ಗಾಬಿತರು, ದಾಲ್ಜಿಗಳು ಇದ್ದಾರೆ. ಪರ್ಸೀನ್ ಮಾಲೀಕನೂ ಊರಿನವನೇ, ಅವನ ಬೋಟಿನಲ್ಲಿ ಕೂಲಿಗೆ ಹೋಗುವವನೂ ಊರಿನವನೇ. ಸಣ್ಣ ಮೀನನ್ನು ಪುಡಿ ಮಾಡುವ ಫಿಶ್ ಮಿಲ್‌ಗೆ ಹಾಕುವವನೂ ಹೌದು. ಸಭೆಯ ಕುರ್ಚಿಗಳು ದೊಡ್ಡ ಬೋಟಿನವರಿಗೇ ಹೋದರೆ ಏನೂ ಬದಲಾಗುವುದಿಲ್ಲ.

ಅದಕ್ಕೇ ಮತ್ತೆ ಅಳಿವೆಯ ಹೆಂಗಸರ ಹತ್ತಿರ ಬರುತ್ತೇನೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರಲ್ಲಿ ಲೆಕ್ಕ ಹಾಕಿದಾಗ ಅಘನಾಶಿನಿಯಿಂದ ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪು ಬರುತ್ತಿತ್ತು. ಎರಡು ಸಾವಿರಕ್ಕೂ ಹೆಚ್ಚು ಜನ ನೇರವಾಗಿ ಹೆಕ್ಕುತ್ತಿದ್ದರು. ಅಷ್ಟಮುಡಿಯ ಹಾಗೆ ಮೂರು ತಿಂಗಳು ನಿಲ್ಲಿಸೋಣ ಎಂದು ನಾಳೆ ಇವರೇ ಒಪ್ಪಿದರು ಎಂದುಕೊಳ್ಳಿ. ಆ ಮೂರು ತಿಂಗಳು ಮನೆ ನಡೆಯುವುದು ಹೇಗೆ? ಮೀನುಗಾರಿಕೆ ನಿಂತ ತಿಂಗಳುಗಳಿಗೆ ಕೊಡುವ ಉಳಿತಾಯ ಮತ್ತು ಪರಿಹಾರ ಯೋಜನೆ ಇದೆ. ಮೀನುಗಾರ 1,500 ರೂಪಾಯಿ ಕಟ್ಟಿದರೆ ಸರ್ಕಾರ 3,000 ಸೇರಿಸಿ ಕೊಡುತ್ತದೆ. ಮೊತ್ತ ಸಣ್ಣದೇ. ಅದನ್ನು ಪಡೆಯಲೂ ಮೀನುಗಾರರ ಸಹಕಾರ ಸಂಘದಲ್ಲಿ ಹೆಸರಿರಬೇಕು.

1986ರ ಕಾಯ್ದೆಯಲ್ಲಿ ನೋಂದಣಿ, ಪರವಾನಗಿ, ದಂಡ, ಎಲ್ಲವೂ ಮೀನುಗಾರಿಕೆ ದೋಣಿಯ ಸುತ್ತ ಹೆಣೆದದ್ದು. ನೀರು ಇಳಿದಾಗ ನಡೆದುಕೊಂಡು ಹೋಗುವವರಿಗೆ ದೋಣಿ ಇಲ್ಲ. ತಿದ್ದುಪಡಿ ಬರೆಯಲು ಕೂತವರು ಮೊದಲು ತಿದ್ದಬೇಕಾದದ್ದು ಮೀನುಗಾರ ಯಾರು ಎಂಬ ವ್ಯಾಖ್ಯೆಯನ್ನು. ಬುಟ್ಟಿ ಹಿಡಿದು ಕೆಸರಿಗೆ ಇಳಿಯುವವಳ ಹೆಸರು ಒಂದು ಪಟ್ಟಿಯಲ್ಲಿ ಬರಲಿ. ಎಷ್ಟು ಸಣ್ಣ ಬಳಚು ಬಿಡಬೇಕು ಎಂದು ಆಮೇಲೆ ಅವಳನ್ನೇ ಕೇಳಿ ಬರೆಯಬಹುದು.